ಭಾರತದ ಸ್ಮರಣಾರ್ಥ ನಾಣ್ಯಗಳು ಮತ್ತು ಕಾರವಾರ–ಅಂಕೋಲಾ

ಭಾರತದ ನಾಣ್ಯಗಳ ಮೇಲಿನ ರಾಷ್ಟ್ರೀಯ ಚಿಹ್ನೆಗಳಲ್ಲಿ ಹಲವು, ಅವುಗಳಿಗಿಂತ ಹಿಂದಿನ ಸ್ಮಾರಕ ಶಿಲ್ಪ ಅಥವಾ ಸ್ಮರಣಾರ್ಥ ವಿನ್ಯಾಸಗಳಿಂದ ಬಂದವು. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ಮತ್ತು ಕಾರವಾರ ಪಟ್ಟಣಗಳ ಇತಿಹಾಸವು ಇಂತಹ ಎರಡು ನಾಣ್ಯಗಳ ವಿಷಯದೊಂದಿಗೆ ಸಂಬಂಧ ಹೊಂದಿದೆ. ಅವುಗಳೆಂದರೆ 2005ರ ದಂಡಿಯಾತ್ರೆ ನಾಣ್ಯ ಹಾಗೂ 2011ರ ರವೀಂದ್ರನಾಥ ಠಾಕೂರ್ ನಾಣ್ಯ.

ಹಿನ್ನೆಲೆ

ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನು ಬುದ್ಧನ ಮೊದಲ ಉಪದೇಶದ ಸ್ಥಳವಾದ ಸಾರನಾಥದಲ್ಲಿ ಸ್ತಂಭವೊಂದನ್ನು ನಿಲ್ಲಿಸಿದನು. ಅದರ ಸಿಂಹಶಿರವು 1950ರ ಜನವರಿ 26ರಂದು ರಾಷ್ಟ್ರಲಾಂಛನವಾಯಿತು. ಅದೇ ವರ್ಷ ಆಗಸ್ಟ್ 15ರಂದು ಬಿಡುಗಡೆಯಾದ ನಾಣ್ಯಗಳಲ್ಲಿ ಬ್ರಿಟಿಷ್ ದೊರೆಯ ಮುಖದ ಸ್ಥಾನಕ್ಕೆ ಸಿಂಹಶಿರ ಬಂದಿತು. ಆಣೆ ನಾಣ್ಯಗಳ ಗೂಳಿ ಮತ್ತು ಪೈಸೆಯ ಕುದುರೆ, ಆ ಶಿರದ ಪೀಠದಲ್ಲಿ ಕೆತ್ತಿರುವ ಪ್ರಾಣಿಗಳನ್ನೇ ನೆನಪಿಸುತ್ತವೆ.

ಭಾರತದ ಮೊದಲ ಸ್ಮರಣಾರ್ಥ ನಾಣ್ಯಗಳು 1964ರಲ್ಲಿ ಜವಾಹರಲಾಲ್ ನೆಹರೂ ಅವರ ಸ್ಮರಣೆಗಾಗಿ ಹೊರಬಂದವು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನಾಣ್ಯಗಳು ಬಂದವು. ಸ್ಮರಣಾರ್ಥ ವಿನ್ಯಾಸವು ದಿನಬಳಕೆಯ ನಾಣ್ಯಕ್ಕೆ ದಾಟಿದ ಉದಾಹರಣೆಯೂ ಇದೆ. 1982ರ ‘ರಾಷ್ಟ್ರೀಯ ಏಕತೆ’ 2 ರೂಪಾಯಿ ನಾಣ್ಯದಲ್ಲಿದ್ದ ಭಾರತದ ಭೂಪಟ ಮತ್ತು ಧ್ವಜದ ಚಿತ್ರವನ್ನೇ 1990ರ ದಶಕದ ಹನ್ನೊಂದು ಬದಿಗಳ 2 ರೂಪಾಯಿ ನಾಣ್ಯದಲ್ಲಿ ಬಳಸಲಾಯಿತು.

ದಂಡಿಯಾತ್ರೆ ನಾಣ್ಯ ಮತ್ತು ಅಂಕೋಲಾ

ಗಾಂಧೀಜಿಯವರು 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಸುಮಾರು 385 ಕಿ.ಮೀ. ನಡೆದು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಒಂದು ವಾರದ ನಂತರ, ಏಪ್ರಿಲ್ 13ರಂದು, ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿ ಅವರ ನೇತೃತ್ವದಲ್ಲಿ ಅದೇ ಕಾನೂನನ್ನು ಮುರಿಯಲಾಯಿತು. ತಯಾರಿಸಿದ ಉಪ್ಪನ್ನು ಬಹಿರಂಗವಾಗಿ ಹರಾಜು ಹಾಕಲಾಯಿತು. ಮುಂದೆ ನಡೆದ ಕರನಿರಾಕರಣೆ ಚಳವಳಿಯಲ್ಲಿ ತಾಲ್ಲೂಕಿನ ಅನೇಕ ರೈತರು ಜಮೀನು ಕಳೆದುಕೊಂಡರು. ಈ ಹೋರಾಟದಿಂದಾಗಿ ಅಂಕೋಲಾ ‘ಕರ್ನಾಟಕದ ಬಾರ್ಡೋಲಿ’ ಎಂದು ಹೆಸರಾಯಿತು.

ದಂಡಿಯಾತ್ರೆಯ 75ನೇ ವರ್ಷದ ನೆನಪಿಗೆ 2005ರಲ್ಲಿ ನಾಣ್ಯಗಳನ್ನು ಟಂಕಿಸಲಾಯಿತು. ಇದರ 5 ರೂಪಾಯಿ ನಾಣ್ಯದ ಒಂದು ಬದಿಯಲ್ಲಿ ಸಿಂಹಶಿರವೂ ಇನ್ನೊಂದು ಬದಿಯಲ್ಲಿ ಗಾಂಧೀಜಿ ಮತ್ತು ಸಂಗಡಿಗರ ನಡಿಗೆಯೂ ಇವೆ. ಈ ದೃಶ್ಯ ಹೊಸದಲ್ಲ. ದೇವಿಪ್ರಸಾದ್ ರಾಯ್ ಚೌಧುರಿ ಅವರ ದೆಹಲಿಯ ‘ಗ್ಯಾರಹ ಮೂರ್ತಿ’ ಶಿಲ್ಪದಲ್ಲಿ, 1980ರ ಅಂಚೆಚೀಟಿಗಳಲ್ಲಿ ಮತ್ತು ಮಹಾತ್ಮ ಗಾಂಧಿ ಸರಣಿಯ ಹಳೆಯ 500 ರೂಪಾಯಿ ನೋಟಿನ ಹಿಂಬದಿಯಲ್ಲಿ ದಂಡಿಯಾತ್ರೆಯು ಆಗಲೇ ಚಿತ್ರಿತವಾಗಿತ್ತು. ಆ ನೋಟು 2016ರಲ್ಲಿ ಚಲಾವಣೆಯಿಂದ ರದ್ದಾಯಿತು.

ಹೀಗೆ ಮರುಬಳಕೆಯಾದ ಚಿತ್ರವು ದೇಶವ್ಯಾಪಿ ಚಳವಳಿಯನ್ನು ಒಂದೇ ಯಾತ್ರೆಯ ರೂಪದಲ್ಲಿ ನೆನಪಿಡುತ್ತದೆ. ಅಂಕೋಲೆಯಂತೆ ಜನರು ತಮ್ಮೂರಿನ ಕಡಲತೀರದಲ್ಲೇ ಕಾನೂನು ಮುರಿದ ಸ್ಥಳಗಳು ಅದರಲ್ಲಿ ಕಾಣುವುದಿಲ್ಲ.

ಠಾಕೂರ್ ನಾಣ್ಯ ಮತ್ತು ಕಾರವಾರ

ರಾಷ್ಟ್ರಗೀತೆಯ ಕರ್ತೃ ರವೀಂದ್ರನಾಥ ಠಾಕೂರ್ ಅವರು ತಾರುಣ್ಯದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಕೆಲಕಾಲ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಇಲ್ಲಿ ರಚಿತವಾಯಿತು. ಪಟ್ಟಣದ ಕಡಲತೀರಕ್ಕೆ ಅವರ ಹೆಸರಿದೆ. ಅವರ 150ನೇ ಜನ್ಮವರ್ಷಾಚರಣೆಗೆ 2011ರಲ್ಲಿ 5 ರೂಪಾಯಿಯ ನಾಣ್ಯವನ್ನೂ, 150 ರೂಪಾಯಿ ಮುಖಬೆಲೆಯ ನಾಣ್ಯವನ್ನೂ ಹೊರತರಲಾಯಿತು. ಠಾಕೂರರ ಭಾವಚಿತ್ರವು ಅದಕ್ಕೂ ಮೊದಲು, 1961ರ ಜನ್ಮಶತಾಬ್ದಿ ಅಂಚೆಚೀಟಿಯಲ್ಲಿ ಕಾಣಿಸಿಕೊಂಡಿತ್ತು.