ಹಳೆಯ ತಂಬೂರಿಗೆ ಹೊಸ ಬುರುಡೆ

ತಂಬೂರಿಯ ಬುರುಡೆ ಒಡೆದರೆ ಅದಕ್ಕೊಪ್ಪುವ ಬಿಡಿಭಾಗ ಹೊಲದಲ್ಲೇ ಬೆಳೆಯಬೇಕು. ಪಂಢರಪುರದ ಕಡೆಯಿಂದ, ಬಸವಣ್ಣನವರಿದ್ದ ಮಂಗಳವೇಢೆಯ ಸೀಮೆಯಿಂದ ಬಲಿತು ಒಣಗಿದ ಸೋರೆಬುರುಡೆಗಳು ತಂಬೂರಿ ತಯಾರಕರ ಊರಾದ ಮಹಾರಾಷ್ಟ್ರದ ಮಿರಜಿಗೆ ಬರುತ್ತವೆ. ಹಳೆಯ ದಂಡಿಗೆ ಸರಿಯಾಗಿ ಕೂಡುವ ಗಾತ್ರದ್ದು ಸಿಕ್ಕರೆ ಅದೇ ಭಾಗ್ಯ.

ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರು 19ನೇ ಶತಮಾನದಲ್ಲಿ ಇಲ್ಲಿ ತಂಬೂರಿ ತಯಾರಿಸುವ ಕಸುಬಿಗೆ ಬುನಾದಿ ಹಾಕಿದರು. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಇದೇ ಊರಿನಲ್ಲಿ. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕ (ಜಿಐ) ಟ್ಯಾಗ್ ದೊರೆಯಿತು.

ದುರಸ್ತಿಯಲ್ಲಿ ನಿಜವಾದ ವಿದ್ಯೆಯೆಂದರೆ ಜವಾರಿ, ಅಂದರೆ ತಂತಿಯ ಝೇಂಕಾರವನ್ನು ಹದಗೊಳಿಸುವುದು. ತಂತಿಗಳನ್ನು ಹೊತ್ತು ಅವುಗಳ ಉಜ್ಜಾಟಕ್ಕೆ ಸವೆದ ಕುದುರೆಯ ಮೇಲ್ಮೈಯನ್ನು ಅರದಿಂದ ನವಿರಾಗಿ ತಿದ್ದಿ, ತಂತಿಯಡಿಯ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತ, ನಾಲ್ಕೂ ತಂತಿಗಳು ತುಂಬಿ ಝೇಂಕರಿಸುವವರೆಗೆ ಕುಶಲಕರ್ಮಿ ಕಿವಿಯನ್ನಷ್ಟೇ ನಂಬಿ ಕೆಲಸ ಮಾಡುತ್ತಾನೆ.