ಕಿಣ್ವ: ಸುರೆಯ ಗಡಿಗೆಯಿಂದ ಹಂದಿಮರಿಯ ಮೇವಿಗೆ

ತಾಯಿಹಾಲು ಬಿಡಿಸಿದ ಹಂದಿಮರಿಗಳ ಮೇವಿಗೆ ಚಿಟಿಕೆಯಷ್ಟು ಬೆರೆಸುವ ಪುಡಿಯನ್ನು ಸಾಕಣೆದಾರರು ‘ಎಂಜೈಮ್’ ಎನ್ನುತ್ತಾರೆ, ನಮ್ಮ ಪಠ್ಯಪುಸ್ತಕಗಳು ‘ಕಿಣ್ವ’ ಎನ್ನುತ್ತವೆ. ಈ ಎರಡನೆಯ ಮಾತಿಗೂ ಹಂದಿಗೂ ಬಲು ಹಳೆಯ ನಂಟಿದೆ ಎಂದರೆ ಪದಪ್ರಿಯರಾದ ನಾವು ಕಿವಿ ನಿಮಿರಿಸದೆ ಇರುತ್ತೇವೆಯೇ?

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಮೀಸಲಾದ ಅಧ್ಯಾಯವೊಂದಿದೆ. ಉದ್ದನ್ನು ಹಸಿಯಾಗಿಯೋ ಬೇಯಿಸಿಯೋ ನುರಿದು, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ ಕೂಡಿಸಿ, ಮೊರಟವೇ ಮೊದಲಾದ ಮೂಲಿಕೆಗಳನ್ನು ಬೆರೆಸಿದರೆ ಅದು ಕಿಣ್ವ, ಅಂದರೆ ಮದ್ಯವನ್ನು ಹುದುಗಿಸುವ ಮುದ್ದೆ. ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಹಾಕಿದರೆ ‘ಮೇದಕ’ವೆಂಬ ಮದ್ಯ. ಕೆಟ್ಟುಹೋದ ಸುರೆಯನ್ನು ಆಳುಗಳಿಗೆ ಕೂಲಿಯಾಗಿ ಕೊಡಬಹುದು, ಎತ್ತುಗಾಡಿಯ ಪಶುಗಳಿಗೆ ಕುಡಿಸಬಹುದು, ಇಲ್ಲವೇ ಹಂದಿಗಳ ಪೋಷಣೆಗೆ ಬಳಸಬಹುದು ಎಂದು ಅದೇ ಅಧ್ಯಾಯ ವಿಧಿಸುತ್ತದೆ. ಕಿಣ್ವದ ಕೈಕೆಲಸ ಅಂದೂ ಹಂದಿಯ ಹೊಟ್ಟೆ ಸೇರುತ್ತಿತ್ತು, ಆದರೆ ಎಂಜಲಾಗಿ, ಕಸುವು ಕಳೆದುಕೊಂಡ ಮೇಲೆ.

ಆಗಿನ ಕಿಣ್ವ ಕೈಗೆ ಸಿಗುವ ಮುದ್ದೆ. ಅಮರಕೋಶ ಅದಕ್ಕೆ ‘ನಗ್ನಹು’ ಎಂಬ ವೈದಿಕ ಗಂಧದ ಪರ್ಯಾಯ ಕೊಡುತ್ತದೆ. ಮನುಸ್ಮೃತಿ ಅದನ್ನು ನೂಲು, ಹತ್ತಿ, ಸಗಣಿ, ಬೆಲ್ಲ, ಮೊಸರುಗಳ ಸಾಲಿನಲ್ಲಿಟ್ಟು ಕದ್ದವನಿಗೆ ಬೆಲೆಯ ಇಮ್ಮಡಿ ದಂಡ ಹಾಕುತ್ತದೆ. ಕೋಶಕಾರರು ‘ಪಾಪ’ ಎಂಬ ಅರ್ಥವನ್ನೂ ಅಂಟಿಸುತ್ತಾರೆ, ಮದ್ಯದ ಸಹವಾಸದ ಫಲವಿರಬೇಕು. ಚಾರ್ವಾಕರಂತೂ ಈ ಮುದ್ದೆಯನ್ನು ನೇರ ತತ್ತ್ವಶಾಸ್ತ್ರಕ್ಕೇ ಎತ್ತಿಕೊಂಡರು: ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವ ಹಾಗೆ ಭೂತಗಳು ಕೂಡಿದಾಗ ದೇಹದಲ್ಲಿ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದವೆಂದು ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ಹೇಳುತ್ತದೆ. ಬಿಡಿಬಿಡಿಯಾಗಿ ಯಾವುದರಲ್ಲೂ ಇಲ್ಲದ್ದು ಕೂಡಿದಾಗ ಮೂಡುತ್ತದೆ ಎನ್ನುವ ಛಾಯೆ ಪದಕ್ಕೆ ಸೇರಿದ್ದು ಇಲ್ಲಿ.

ಅತ್ತ ಜರ್ಮನಿಯಲ್ಲಿ 1870ರ ದಶಕದಲ್ಲಿ ವಿಲ್‌ಹೆಲ್ಮ್ ಕ್ಯೂನೆ ಗ್ರೀಕಿನಿಂದ ‘ಎಂಜೈಮ್’ ಕಟ್ಟಿದಾಗ ಅದರ ಅರ್ಥ ‘ಹುದುಗಿನೊಳಗಿನದು’ ಎಂದಷ್ಟೆ. 1897ರಲ್ಲಿ ಎಡ್ವರ್ಡ್ ಬುಕ್ನರ್ ಜೀವಂತ ಯೀಸ್ಟ್ ಕೋಶವಿಲ್ಲದೆ ಬರೀ ಅದರ ರಸದಿಂದಲೇ ಸಕ್ಕರೆ ಹುದುಗುವುದನ್ನು ತೋರಿಸಿದ ಮೇಲೆ ಆ ಒಳಗಿನದಕ್ಕೆ ಸ್ವತಂತ್ರ ಅಸ್ತಿತ್ವ ಬಂತು. ಹೊಸ ವಸ್ತುವಿಗೆ ಹೆಸರು ಹುಡುಕುವಾಗ ಹಿಂದಿ, ಮರಾಠಿಗಳು ‘ಕಿಣ್ವನ’ವನ್ನು ಹುದುಗುವ ಕ್ರಿಯೆಗೇ ಉಳಿಸಿಕೊಂಡವು, ತಮಿಳು ‘ನೊದಿ’ ಎಂದಿತು. ಕನ್ನಡಕ್ಕೆ ಆ ಕ್ರಿಯೆಗೆ ದೋಸೆಹಿಟ್ಟಿನಷ್ಟೇ ಮನೆಮಾತಾದ ‘ಹುದುಗು’ ಇದ್ದೇ ಇತ್ತಾಗಿ, ‘ಕಿಣ್ವ’ ಎಂಜೈಮಿನ ಪಾಲಿಗೆ ಒದಗಿತು ಎನ್ನಬಹುದು. ಅಡಗಿರು ಎಂಬರ್ಥವೂ ‘ಹುದುಗು’ವಿಗೆ ಉಂಟು, ಗ್ರೀಕಿನ ‘ಒಳಗಿನದು’ ಇದರೊಡನೆ ತಾಳೆಯಾಗುವುದು ಆಕಸ್ಮಿಕವೇ ಆದರೂ ಸೊಗಸು.

ಇನ್ನು ಹಂದಿಮರಿಗೆ ಬರೋಣ. ಹಳಗನ್ನಡದ ‘ಪಂದಿ’ಯೇ ಹಕಾರ ತಳೆದು ‘ಹಂದಿ’ಯಾದದ್ದು ನಮಗೆಲ್ಲ ಗೊತ್ತಿರುವುದೇ. ಸಾಕಣೆ ಕೇಂದ್ರದಲ್ಲಿ ಮೂರು ನಾಲ್ಕು ವಾರಕ್ಕೇ ಹಾಲು ಬಿಡಿಸಿದ ಮರಿ ಜೋಳ, ಸೋಯಾ ಹಿಂಡಿ, ತವುಡು ತಿನ್ನಬೇಕು. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಜೊತೆಗೆ ರಂಜಕ ಬೇಕು. ಧಾನ್ಯದಲ್ಲಿ ಅದು ಧಾರಾಳವಾಗಿದ್ದರೂ ಸುಮಾರು ಮೂರನೆಯ ಎರಡು ಪಾಲು ‘ಫೈಟೇಟ್’ ಎಂಬ ರೂಪದಲ್ಲಿ ಬಿಗಿದುಕೊಂಡಿರುತ್ತದೆ, ಕ್ಯಾಲ್ಸಿಯಂ, ಸತುವುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದನದ ಮೆಲುಕುಚೀಲದ ಸೂಕ್ಷ್ಮಜೀವಿಗಳು ಆ ಕಟ್ಟು ಬಿಚ್ಚುತ್ತವೆ. ಒಂದೇ ಜಠರದ ಹಂದಿಗೆ ಅದು ಒಗ್ಗದು. ರಂಜಕ ಕೊರೆಯಾದರೆ ಮೂಳೆ ಮೆದುವಾಗಿ ಮರಿ ಕುಂಟುತ್ತದೆ, ಜೀರ್ಣವಾಗದ್ದು ಸಗಣಿಯ ಮೂಲಕ ಕೆರೆ ಹೊಳೆ ಸೇರಿ ಪಾಚಿ ಬೆಳೆಸುತ್ತದೆ. ಕಟ್ಟು ಬಿಚ್ಚುವ ಕಿಣ್ವ ‘ಫೈಟೇಸ್’. 1907ರಲ್ಲಿ ಜಪಾನಿನ ಸುಜುಕಿ ಮತ್ತು ಸಂಗಡಿಗರು ಅದನ್ನು ಗುರುತಿಸಿದ್ದು ಅಕ್ಕಿಯ ತವುಡಿನಲ್ಲೇ. ಹೆಸರಿನ ಮೊದಲರ್ಧ ಗ್ರೀಕಿನ ಗಿಡ, ಕೊನೆಯ ‘ಏಸ್’ 1833ರ ‘ಡಯಾಸ್ಟೇಸ್’ನಿಂದ ಕತ್ತರಿಸಿಕೊಂಡ ಬಾಲ. ಮಾರಾಟದ ಫೈಟೇಸ್ 1991ರಲ್ಲಿ ಹೊರಬಂದದ್ದು ಹಂದಿಗೊಬ್ಬರದ ರಂಜಕದಿಂದ ಬೇಸತ್ತಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ. ಅದನ್ನು ತಯಾರಿಸುವುದೋ, ಕಪ್ಪು ಬೂಷ್ಟನ್ನು ತೊಟ್ಟಿಯಲ್ಲಿ ಹುದುಗಿಸಿ! ಮೇವನ್ನು ಗುಳಿಗೆ ಮಾಡುವ ಬಿಸಿಗೆ ಈ ಪ್ರೋಟೀನು ಕೆಡುವುದರಿಂದ ಕೆಲವೆಡೆ ಗುಳಿಗೆ ಆರಿದ ಮೇಲೆ ದ್ರವವಾಗಿ ಸಿಂಪಡಿಸುತ್ತಾರೆ.

ಅದರ ಅಳತೆಯನ್ನೂ ನೋಡಿ. 37 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, pH 5.5ರ ಆಮ್ಲೀಯತೆಯಲ್ಲಿ, ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಫಾಸ್ಫೇಟ್ ಬಿಡಿಸುವಷ್ಟಕ್ಕೆ ಒಂದು ಯೂನಿಟ್. ಕೌಟಿಲ್ಯನ ಕಾಲದಲ್ಲಿ ಕಿಣ್ವ ಎಷ್ಟಿದೆ ಎಂದು ಪ್ರಸ್ಥದಲ್ಲಿ ಕೇಳುತ್ತಿದ್ದರು, ಈಗ ಎಷ್ಟು ಮಾಡಿತು ಎಂದು ಕೇಳುತ್ತೇವೆ. ಮುದ್ದೆಯ ಹೆಸರಾಗಿ ಹೊರಟ ನಾಮಪದ ಒಳಗಣ ಕ್ರಿಯಾಪದವಾಗಿ ನೆಲೆನಿಂತಿದೆ. ಚಾರ್ವಾಕರಿಗೆ ಬೇಕಾಗಿದ್ದದ್ದೂ ಅದರ ತೂಕವಲ್ಲ, ಅದು ಮಾಡುವ ಕೆಲಸವೇ.