ಡಾಕ್ಟರು ಕೇಳದ ಪ್ರಶ್ನೆ

ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಯಲ್ಲಿ. ಮಿದುಳಿನಲ್ಲಿ ಸಿರೊಟೋನಿನ್ ಹೆಚ್ಚಿಸುವ ಮಾತ್ರೆ ಇದು. ಮನಸ್ಸೇನೋ ಹಗುರಾಗುತ್ತದೆ. ಆದರೆ ಅದೇ ಸಿರೊಟೋನಿನ್ ಹಲವರಲ್ಲಿ ಕಾಮಾಸಕ್ತಿಯನ್ನು ಕುಗ್ಗಿಸುತ್ತದೆ, ಸುಖದ ತುದಿ ಮುಟ್ಟಲು ಬಿಡುವುದಿಲ್ಲ... ಗಂಡಸರಿಗೂ, ಹೆಂಗಸರಿಗೂ.

ಮೊದಮೊದಲು ಇದು ಅಪರೂಪ ಎಂದೇ ಲೆಕ್ಕ. 1997ರಲ್ಲಿ ಸ್ಪೇನಿನ ವೈದ್ಯರು ಇಂಥ ಮಾತ್ರೆ ನುಂಗುತ್ತಿದ್ದ 344 ಜನರ ವಿವರ ಪ್ರಕಟಿಸಿದರು. ತಾವಾಗಿಯೇ ಹೇಳಿಕೊಂಡವರು ಶೇ. 14, ನೇರವಾಗಿ ಕೇಳಿದಾಗ ಶೇ. 58! ನಾನು ಬ್ಯಾಂಕಿನವನು, ಲೆಡ್ಜರಿಗೆ ಏರದ ಸಾಲಗಳನ್ನು ಬಲ್ಲೆ.

ತಮಾಷೆ ನೋಡಿ, ಈ 'ತಡ'ವನ್ನೇ ಬಳಸಿಕೊಂಡು ಅದೇ ಜಾತಿಯ ಡಪಾಕ್ಸೆಟಿನ್ 2009ರಲ್ಲಿ ಸ್ವೀಡನ್, ಫಿನ್ಲೆಂಡುಗಳಲ್ಲಿ ಶೀಘ್ರಸ್ಖಲನದ ಔಷಧಿಯಾಯಿತು.

ಇನ್ನು ನಮ್ಮವರು. ಮುಲುಂಡಿನ ಒಂದು ರೂಮಿನ ಮನೆ, ಬೆಳೆದ ಮಕ್ಕಳು, ವಯಸ್ಸಾದ ಅಮ್ಮ. ಗಂಡಹೆಂಡತಿಯೇ ಆಡಿಕೊಳ್ಳಲಾಗದ ಮಾತನ್ನು ಡಾಕ್ಟರ ಮುಂದೆ, ಅದೂ ಹಿಂದಿಯಲ್ಲಿ, ಹೇಳುವುದು ಹೇಗೆ? ಹೇಳುವ ಬದಲು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ನನ್ನ ಪರಿಚಿತರೊಬ್ಬರು ಹಾಗೆಯೇ ಬಿಟ್ಟರು. ವಾರದೊಳಗೆ ತಲೆಸುತ್ತು, ನಿದ್ದೆಗೇಡು, ತಿಂಗಳಾಗುವಷ್ಟರಲ್ಲಿ ಮತ್ತದೇ ಕತ್ತಲೆ. ಬಾಯಿಬಿಟ್ಟಿದ್ದರೆ ಡಾಕ್ಟರು ಡೋಸ್ ಇಳಿಸಿ ನೋಡಬಹುದಿತ್ತು, ಬುಪ್ರೊಪಿಯಾನಿನಂಥ ಬೇರೆ ಮಾತ್ರೆ ಕೊಡಬಹುದಿತ್ತು.

ಮಾತ್ರೆ ನಿಲ್ಲಿಸಿದ ಮೇಲೂ ಕೆಲವರಿಗೆ ಈ ತೊಂದರೆ ಉಳಿಯುತ್ತದೆ. ಅದನ್ನು ಔಷಧಿಯ ಚೀಟಿಯಲ್ಲಿ ಬರೆಯಬೇಕೆಂದು ಯುರೋಪಿನ ಔಷಧ ನಿಯಂತ್ರಕರು ಹೇಳಿದ್ದು 2019ರಲ್ಲಿ. ಫ್ಲುಯೊಕ್ಸೆಟಿನ್ ಬಂದು ಮೂವತ್ತು ವರ್ಷ ಕಳೆದಿತ್ತು.